ಅರೆ ಎಂದರೆ ಅರ್ಧ ಮಾತ್ರವೇ? ಕಬ್ಬಿನ ಗದ್ದೆಯಿಂದ ಕಚೇರಿಯವರೆಗೆ ಒಂದು ಪುಟ್ಟ ಪದ

ಕನ್ನಂಬಾಡಿಯ ನೀರಿನ ಮಟ್ಟ ಸಾಲದ ವರ್ಷಗಳಲ್ಲಿ ಮಂಡ್ಯದ ರೈತರ ಕಣ್ಣಿಗೆ ಬೀಳುವ ಪ್ರಕಟಣೆಯಲ್ಲಿ ಒಂದು ಮಾತಿರುತ್ತದೆ: ‘ಅರೆ ಖುಷ್ಕಿ ಬೆಳೆಗೆ ಮಾತ್ರ ನೀರು’. ಸಕ್ಕರೆ ಕಾರ್ಖಾನೆಯ ಸುದ್ದಿಯಲ್ಲಿ ‘ಕಬ್ಬು ಅರೆಯುವಿಕೆ ಆರಂಭ’ ಎಂದಿರುತ್ತದೆ. ಜಮೀನಿನ ತಕರಾರು ಹೊತ್ತು ಉಪವಿಭಾಗಾಧಿಕಾರಿಯ ಕಚೇರಿಗೆ ಹೋದವರಿಗೆ ಅದು ‘ಅರೆ ನ್ಯಾಯಿಕ’ ಪ್ರಾಧಿಕಾರ ಎಂದು ವಕೀಲರು ಹೇಳುತ್ತಾರೆ. ಇತ್ತೀಚೆಗೆ ‘ಅರೆವಾಹಕ’ (ಸೆಮಿಕಂಡಕ್ಟರ್) ಎನ್ನುವ ಪದವೂ ದಿನಪತ್ರಿಕೆಗೆ ಬಂದು ಕೂತಿದೆ.

ನಾಲ್ಕು ಕಡೆಯೂ ಅರೆ ಇದೆ. ನಾಲ್ಕು ಕಡೆಯೂ ಅದನ್ನು ‘ಅರ್ಧ’ ಎಂದು ಓದಿಕೊಂಡರೆ ಒಂದು ಕಡೆಯೂ ಅರ್ಥ ಸರಿಯಾಗಿ ಕೂರುವುದಿಲ್ಲ. ಕಬ್ಬಿನ ಅರೆ ಬೇರೆಯದೇ ಪದ. ಉಳಿದ ಮೂರು ಒಂದೇ ಪದವಾದರೂ ಲೆಕ್ಕದ ಅರ್ಧವನ್ನು ಹೇಳುತ್ತಿಲ್ಲ. ಇದು ಹೇಗೆಂದು ತಿಳಿಯಲು ಅಕ್ಷರದಿಂದಲೇ ಶುರು ಮಾಡಬೇಕು.

ಒಂದಾಗಿ ಹೋದ ಎರಡು ರ

ಹಳಗನ್ನಡದಲ್ಲಿ ರ ಅಲ್ಲದೆ ಇನ್ನೊಂದು ಱ ಇತ್ತು. ವ್ಯಾಕರಣದವರು ಅದನ್ನು ಶಕಟರೇಫ ಎನ್ನುತ್ತಾರೆ. ಉಚ್ಚಾರ ಗಡುಸು, ಬರೆಯುವ ರೂಪವೂ ಬೇರೆ. ಕಾಲ ಕಳೆದಂತೆ ಜನರ ಬಾಯಲ್ಲಿ ಎರಡೂ ಒಂದಾದವು, ಆಮೇಲೆ ಬರವಣಿಗೆಯಲ್ಲೂ ಱ ಬಿಟ್ಟುಹೋಯಿತು. ಅಕ್ಷರ ಹೋಯಿತು, ಪದಗಳು ಹೋಗಲಿಲ್ಲ. ಬೇರೆ ಬೇರೆ ಮನೆಯಲ್ಲಿದ್ದ ಪದಗಳು ಒಂದೇ ಬಟ್ಟೆ ತೊಟ್ಟು ಒಂದೇ ಬಾಗಿಲಲ್ಲಿ ಬಂದು ನಿಂತವು.

ಹಾಲು ಕರೆಯುವುದು, ನೆಂಟರನ್ನು ಕರೆಯುವುದು ಇವೆರಡನ್ನೇ ನೋಡಿ. ಇಂದು ಎರಡಕ್ಕೂ ಒಂದೇ ಕಾಗುಣಿತ. ಹಿಂದೆ ಹಾಲಿನದು ಕಱೆ, ನೆಂಟರದು ಕರೆ. ತಿಳಿಯುವ ಅರಿ ಹಿಂದೆ ಅಱಿ ಆಗಿತ್ತು, ಕತ್ತರಿಸುವ ಅರಿ ಅರಿಯೇ ಆಗಿತ್ತು.

ಅರೆಯ ಕತೆಯೂ ಇದೇ. ಪಾಲನ್ನು ಹೇಳುವ ಅರೆ, ನುಣ್ಣಗೆ ಮಾಡುವ ಅರೆ ಇವೆರಡು ಮೊದಲಿನಿಂದಲೂ ಸಾದಾ ರ ಇದ್ದವು. ಬಂಡೆ ಎಂಬ ಅರ್ಥದ್ದು ಅಱೆ. ಹೊಡೆ, ಬಡಿ ಎಂಬ ಅರ್ಥದ ಇನ್ನೊಂದು ಅಱೆಯೂ ಇತ್ತು, ಈಗ ಅದು ಆಡುಮಾತಿನಲ್ಲಿ ಉಳಿದಿಲ್ಲ. ತಮಿಳಿನಲ್ಲಿ ಎರಡು ರ ಇಂದಿಗೂ ಬರವಣಿಗೆಯಲ್ಲಿವೆ. ಅಲ್ಲಿ ಅರ್ಧಕ್ಕೂ ಅರೆಯುವುದಕ್ಕೂ ‘ಅರೈ’, ಬಂಡೆಗೂ ಕೆನ್ನೆಗೆ ಬಾರಿಸುವುದಕ್ಕೂ ‘ಅಱೈ’. ನಮ್ಮಲ್ಲಿ ಅಳಿಸಿಹೋದ ಗೆರೆ ಪಕ್ಕದ ಮನೆಯಲ್ಲಿ ಹಾಗೇ ಉಳಿದಿದೆ.

ಅರೆ ಬಂದದ್ದು ಅರ್ಧದಿಂದಲೇ?

ಅಲ್ಲ. ಅರ್ಧ ಸಂಸ್ಕೃತದ ಪದ. ಅರೆ ದ್ರಾವಿಡ ಭಾಷೆಗಳಿಗೆ ಸೇರಿದ್ದು. ತಮಿಳಿನ ಅರೈ, ಮಲಯಾಳದ ಅರ, ತೆಲುಗಿನ ಅರ, ತುಳುವಿನ ಅರೆ ಎಲ್ಲವೂ ಇದರ ಒಡಹುಟ್ಟು. ಎರಡರಲ್ಲೂ ‘ಅರ್’ ಸದ್ದು ಇರುವುದರಿಂದ ಒಂದರಿಂದ ಇನ್ನೊಂದು ಹುಟ್ಟಿತೆಂದು ತೋರುತ್ತದೆ, ಅಷ್ಟೆ.

ಕನ್ನಡ ಇವೆರಡನ್ನೂ ಇಟ್ಟುಕೊಂಡು ಕೆಲಸ ಹಂಚಿಕೊಟ್ಟಿದೆ. ಒಂಟಿಯಾಗಿ ನಿಲ್ಲುವುದು ಅರ್ಧ: ‘ಅರ್ಧ ಕೊಡು’, ‘ಅರ್ಧ ಸಾಕು’, ‘ಅರ್ಧ ಗಂಟೆ’. ಅಂಗಡಿಯಲ್ಲಿ ‘ಅರೆ ಕೊಡಿ’ ಎಂದರೆ ಅಂಗಡಿಯವರು ಮುಖ ನೋಡುತ್ತಾರೆ. ಅರೆಗೆ ಯಾವಾಗಲೂ ಜೊತೆಗೊಂದು ಪದ ಬೇಕು. ಆ ಜೊತೆ ಮುಂದಿದೆಯೋ ಹಿಂದಿದೆಯೋ ಎನ್ನುವುದರ ಮೇಲೆ ಲೆಕ್ಕವೇ ಬದಲಾಗುತ್ತದೆ.

ಮುಂದೆ ಬಂದರೆ ಸೀಳುತ್ತದೆ, ಹಿಂದೆ ಬಂದರೆ ಕೂಡುತ್ತದೆ

ಎರಡೂವರೆ ಎನ್ನುವ ಪದವನ್ನು ಬಿಡಿಸಿ: ಎರಡು, ಊ, ಅರೆ. ‘ಎರಡೂ, ಅದರ ಮೇಲೆ ಅರೆಯೂ’ ಎಂದು ಅರ್ಥ. ಊ ಮತ್ತು ಅ ಎಂಬ ಎರಡು ಸ್ವರ ಎದುರಾದಾಗ ನಡುವೆ ವ ಸೇರುತ್ತದೆ. ಶಾಲೆಯಲ್ಲಿ ಕಲಿತ ಆಗಮ ಸಂಧಿ ಇದೇ. ಹಾಗಾಗಿ ಅರೆ ವರೆ ಆಗಿ ಕೇಳಿಸುತ್ತದೆ. ಎರಡೂಕಾಲು, ಎರಡೂಮುಕ್ಕಾಲು ಕೂಡ ಇದೇ ಅಚ್ಚಿನಲ್ಲಿ ಎರಕ ಹೊಯ್ದವು. ಸಂಖ್ಯೆಯ ಹಿಂದೆ ನಿಂತ ಅರೆ ಆ ಸಂಖ್ಯೆಗೆ ಅರ್ಧವನ್ನು ಕೂಡುತ್ತದೆ.

ಅದೇ ಅರೆ ಮುಂದೆ ಬಂದರೆ ತನ್ನ ಹಿಂದೆ ಬರುವುದನ್ನು ಎರಡು ಭಾಗ ಮಾಡುತ್ತದೆ. ಹಳೆಯ ಲೆಕ್ಕದಲ್ಲಿ ಅರೆಕಾಲು ಎಂದರೆ ಕಾಲಿನ ಅರ್ಧ, ಅಂದರೆ ಎಂಟನೆಯ ಒಂದು ಪಾಲು. ಅರ್ಧ ಮತ್ತು ಕಾಲು ಕೂಡಿ ಮುಕ್ಕಾಲು ಎಂದು ತಿಳಿದರೆ ಲೆಕ್ಕ ಆರು ಪಟ್ಟು ತಪ್ಪುತ್ತದೆ. ವೀಸ ಎಂದರೆ ಹದಿನಾರನೆಯ ಒಂದು ಪಾಲು, ಅರೆವೀಸ ಎಂದರೆ ಮೂವತ್ತೆರಡನೆಯ ಒಂದು ಪಾಲು. ಸೇರಿಗೆ ನಾಲ್ಕು ಪಾವು, ಆದ್ದರಿಂದ ಅರೆಪಾವು ಸೇರಿನ ಎಂಟನೆಯ ಒಂದು ಪಾಲು. ಅಜ್ಜನ ಕಾಲದ ಲೆಕ್ಕದ ಪುಸ್ತಕವನ್ನೋ ಹಳೆಯ ಪಾಲುಪಟ್ಟಿಯನ್ನೋ ಓದುವವರು ಈ ಒಂದು ಸೂತ್ರವನ್ನು ನೆನಪಿಟ್ಟುಕೊಂಡರೆ ಎಡವಟ್ಟು ಆಗುವುದಿಲ್ಲ. ಪಾವನ್ನು ಇನ್ನೂ ಅಕ್ಕಿ ಡಬ್ಬದಲ್ಲಿ ಇಟ್ಟುಕೊಂಡಿರುವ ಮನೆಗಳು ಮೈಸೂರು ಸೀಮೆಯಲ್ಲಿ ಬೇಕಾದಷ್ಟಿವೆ, ಅವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಪಾಲಿನಿಂದ ‘ಪೂರ್ತಿ ಅಲ್ಲ’ ಎಂಬಲ್ಲಿಗೆ

ಅರೆಗಣ್ಣು, ಅರೆನಿದ್ದೆ, ಅರೆಹೊಟ್ಟೆ, ಅರೆಮನಸ್ಸು, ಅರೆಬೆಂದ ಅನ್ನ. ಇಲ್ಲಿ ಯಾರೂ ಅಳತೆ ಮಾಡಿ ನೋಡುವುದಿಲ್ಲ. ಅಕ್ಕಿ ಮುಕ್ಕಾಲು ಪಾಲು ಬೆಂದಿದ್ದರೂ ಅದು ಅರೆಬೆಂದ ಅನ್ನವೇ. ಒಂದು ಸ್ಥಿತಿ ಶುರುವಾಗಿದೆ, ತುದಿ ಮುಟ್ಟಿಲ್ಲ ಎನ್ನುವುದಷ್ಟೇ ಇಲ್ಲಿನ ಅರ್ಥ. ಅರೆಯ ಬಲ ಇರುವುದೂ ಇಲ್ಲೇ. ‘ಅರ್ಧ ಮನಸ್ಸು’ ಎಂದರೆ ಪಾಲು ಮಾಡಿದಂತೆ ಕೇಳುತ್ತದೆ, ‘ಅರೆಮನಸ್ಸು’ ಎಂದರೆ ಆ ಹಿಂಜರಿಕೆಯೇ ಕಣ್ಣೆದುರು ಬರುತ್ತದೆ.

ಇನ್ನೊಂದು ಹೆಜ್ಜೆ ಮುಂದೆ ಹೋದರೆ ಕೊರತೆಯ ಅರ್ಥ. ‘ಮದುವೆಯಲ್ಲಿ ಯಾವ ಅರೆಕೊರೆಯೂ ಆಗಬಾರದು’ ಎನ್ನುವಾಗ, ‘ಅರೆಬರೆ ಕೆಲಸ’ ಎನ್ನುವಾಗ ಪಾಲಿನ ನೆನಪೇ ಇರುವುದಿಲ್ಲ. ಆದರೆ ಅರೆ ಬಂದಲ್ಲೆಲ್ಲ ಕೀಳು ಎಂಬ ಅರ್ಥವಿದೆ ಎಂದುಕೊಳ್ಳಬಾರದು. ಕೊಡಗು ಮತ್ತು ಸುಳ್ಯದ ಕಡೆ ಗೌಡ ಸಮುದಾಯದವರು ಆಡುವ ಅರೆಭಾಷೆ ತನ್ನದೇ ವ್ಯಾಕರಣ, ಹಾಡು, ಗಾದೆಗಳಿರುವ ಪೂರ್ಣ ನುಡಿ. ಅದಕ್ಕಾಗಿ ಮಡಿಕೇರಿಯಲ್ಲಿ ಸರ್ಕಾರದ ಅಕಾಡೆಮಿಯೇ ಇದೆ.

ಕಾಗುಣಿತದ ಬಗ್ಗೆ ಒಂದು ಮಾತು. ಅರೆ ಮತ್ತು ಕಣ್ಣು ಸೇರಿ ಅರೆಗಣ್ಣು ಆಗುತ್ತದೆ, ಕ ಹೋಗಿ ಗ ಬರುತ್ತದೆ. ಅಚ್ಚಗನ್ನಡ ಪದ ಸೇರಿದಾಗ ಸಾಮಾನ್ಯವಾಗಿ ಹೀಗೆ. ಅಳತೆಯ ಪದಗಳಾದ ಅರೆಕಾಲು, ಅರೆಪಾವುಗಳಲ್ಲಿ ಬದಲಾವಣೆ ಇಲ್ಲ. ಸಂಸ್ಕೃತ ಪದ ಸೇರಿದಾಗಲೂ ಇಲ್ಲ: ಅರೆಕಾಲಿಕ, ಅರೆಪಾರದರ್ಶಕ. ‘ಅರೆಗಾಲಿಕ’ ಎಂದು ಬರೆದರೆ ತಪ್ಪು. ಹೀಗೆ ಕನ್ನಡದ ಅರೆಗೆ ಸಂಸ್ಕೃತದ ಕಾಲಿಕ, ವಾಹಕಗಳನ್ನು ಬೆಸೆಯುವುದನ್ನು ಹಳೆಯ ವ್ಯಾಕರಣ ಅರಿಸಮಾಸ ಎಂದು ಕರೆದು ದೂರ ಇಟ್ಟಿತ್ತು. ಅರಿ ಎಂದರೆ ಇಲ್ಲಿ ಶತ್ರು. 13ನೇ ಶತಮಾನದ ಕೇಶಿರಾಜ ಬಿರುದುಗಳಂಥ ಕೆಲವು ಕಡೆ ಮಾತ್ರ ಇದಕ್ಕೆ ಒಪ್ಪಿಗೆ ಕೊಟ್ಟ. ಇಂದಿನ ಕನ್ನಡ ಈ ಬೇಲಿಯನ್ನು ದಾಟಿ ಬಹಳ ದೂರ ಬಂದಿದೆ, ದಾಟಿದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಮುಂದೆ ಹೇಳುವ ಅರೆ ನ್ಯಾಯಿಕ, ಅರೆವಾಹಕದಂಥ ಪದಗಳು ಹುಟ್ಟುತ್ತಿರಲಿಲ್ಲ.

ಅರೆ ಖುಷ್ಕಿ: ಗದ್ದೆಗೆ ಎಷ್ಟು ನೀರು?

ಕಂದಾಯ ಮತ್ತು ನೀರಾವರಿಯ ಭಾಷೆಯಲ್ಲಿ ಜಮೀನಿಗೆ ಮೂರು ಹಳೆಯ ಹೆಸರುಗಳಿವೆ: ಖುಷ್ಕಿ, ತರಿ, ಬಾಗಾಯ್ತು. ಮೂರೂ ಪಾರಸಿ ಮೂಲದವು. ಖುಷ್ಕ್ ಎಂದರೆ ಒಣ, ತರ್ ಎಂದರೆ ಒದ್ದೆ, ಬಾಗ್ ಎಂದರೆ ತೋಟ. ಮಳೆಯನ್ನೇ ನಂಬಿದ್ದು ಖುಷ್ಕಿ. ನೀರು ನಿಲ್ಲಿಸಿ ಬೆಳೆಯುವುದು ತರಿ.

ಅರೆ ಖುಷ್ಕಿ ಇವೆರಡರ ನಡುವಿನದು. ಬೆಳೆಗೆ ಕಾಲುವೆ ನೀರು ಸಿಗುತ್ತದೆ, ಆದರೆ ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ. ಬಿಟ್ಟು ಬಿಟ್ಟು ಕೊಡುವ ಕೆಲವೇ ಸರದಿಯ ನೀರಿನಲ್ಲಿ, ನಡುವೆ ಬಿದ್ದ ಮಳೆಯನ್ನೂ ಸೇರಿಸಿಕೊಂಡು ಬೆಳೆ ಕೈಗೆ ಬರಬೇಕು. ರಾಗಿ, ಮುಸುಕಿನ ಜೋಳ, ದ್ವಿದಳ ಧಾನ್ಯ, ಎಣ್ಣೆಕಾಳು ಈ ಸಾಲಿಗೆ ಸೇರುತ್ತವೆ. ಭತ್ತಕ್ಕೆ ಬೆಳೆಯ ಅವಧಿಯುದ್ದಕ್ಕೂ ಸುಮಾರು 1,200 ಮಿಲಿಮೀಟರ್ ನೀರು ಬೇಕಾದರೆ ರಾಗಿಗೆ 400ರ ಆಸುಪಾಸು ಸಾಕು. ಅಂದರೆ ಮೂರನೆಯ ಒಂದು ಪಾಲು. ‘ಅರೆ’ ಎಂದಿದೆ, ಭತ್ತಕ್ಕೆ ಕೊಡುವುದರಲ್ಲಿ ಅರ್ಧ ನೀರಾದರೂ ಬಂದೀತು ಎಂದು ಎಣಿಸಿ ಭತ್ತದ ಒಟ್ಟಲು (ಸಸಿಮಡಿ) ಹಾಕಿದವರಿಗೆ ತೊಂದರೆಯಾಗುವುದು ಇಲ್ಲೇ. ನಾಟಿಯ ಹೊತ್ತಿಗೆ ನೀರು ಸಿಗಬಹುದು. ಆದರೆ ಭತ್ತ ಹೊಡೆಯಾಗುವ, ಹಾಲು ತುಂಬುವ ಹೊತ್ತಿನಲ್ಲಿ ಸರದಿ ತಪ್ಪಿದರೆ ಕಾಳು ಜೊಳ್ಳಾಗುತ್ತದೆ. ಕಬ್ಬೂ ಅರೆ ಖುಷ್ಕಿ ಅಲ್ಲ, ಅದು ವರ್ಷಪೂರ್ತಿ ನೀರು ಕೇಳುವ ಬೆಳೆ.

ವಿಶ್ವೇಶ್ವರಯ್ಯ ನಾಲೆಯ ಕಡೆಯವರಿಗೆ ಇದರ ಜೊತೆಗೆ ಗೊತ್ತಿರುವ ಇನ್ನೊಂದು ಮಾತು ‘ಕಟ್ಟು ನೀರು’. ಕೆಲವು ದಿನ ನೀರು ಬಿಟ್ಟು ಕೆಲವು ದಿನ ತೂಬು ಮುಚ್ಚುವ ಪದ್ಧತಿ ಇದು. ಪ್ರಕಟಣೆಯಲ್ಲಿ ಎರಡೂ ಇದ್ದರೆ ಬೇರೆ ಬೇರೆ ಓದಿಕೊಳ್ಳಬೇಕು. ನೀರು ಹೇಗೆ ಬರುತ್ತದೆ ಎನ್ನುವುದು ಕಟ್ಟು, ಆ ನೀರಿಗೆ ಯಾವ ಬೆಳೆ ತಡೆಯುತ್ತದೆ ಎನ್ನುವುದು ಅರೆ ಖುಷ್ಕಿ.

ಕಚೇರಿಯ ಅರೆ, ವಿಜ್ಞಾನದ ಅರೆ

ಇಂಗ್ಲಿಷಿನಿಂದ ಆಡಳಿತದ ಮತ್ತು ವಿಜ್ಞಾನದ ಪದಗಳನ್ನು ಕನ್ನಡಕ್ಕೆ ತರುವಾಗ ಅನುವಾದಕರು ಅರೆಯ ಮೇಲೆ ಬಹಳ ಭಾರ ಹಾಕಿದ್ದಾರೆ. ಅಲ್ಲಿ ಸೆಮಿ, ಡೆಮಿ, ಕ್ವಾಸಿ, ಪ್ಯಾರಾ ಎಂದು ನಾಲ್ಕು ಬೇರೆ ಬೇರೆ ಉಪಸರ್ಗಗಳಿವೆ. ಸೆಮಿ, ಡೆಮಿಗಳ ಮೂಲಾರ್ಥ ಅರ್ಧ. ಕ್ವಾಸಿ ಲ್ಯಾಟಿನ್ ಪದ, ‘ಹಾಗಿರುವಂತೆ’ ಎಂದು ಅರ್ಥ. ಪ್ಯಾರಾ ಗ್ರೀಕ್, ‘ಪಕ್ಕದಲ್ಲಿ’ ಎಂದು. ನಾಲ್ಕಕ್ಕೂ ಕನ್ನಡದಲ್ಲಿ ನಿಂತದ್ದು ಒಂದೇ ಅರೆ. ಆದ್ದರಿಂದ ಇಂಥ ಪದ ಎದುರಾದಾಗ ಯಾವ ಉಪಸರ್ಗ ಅಡಗಿದೆ ಎಂದು ಕೇಳಿಕೊಳ್ಳಬೇಕು.

ಅರೆಸೇನಾ ಪಡೆಯಲ್ಲಿ ಇರುವುದು ಪ್ಯಾರಾ. ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್ ಸೈನ್ಯದ ಪಕ್ಕದಲ್ಲಿ ನಿಲ್ಲುವ ಪಡೆಗಳು. ಸೈನ್ಯ ರಕ್ಷಣಾ ಸಚಿವಾಲಯಕ್ಕೆ, ಇವು ಗೃಹ ಸಚಿವಾಲಯಕ್ಕೆ ಸೇರಿವೆ. ಸೈನ್ಯದ ಅರ್ಧ ಎಂಬ ಅರ್ಥ ಇಲ್ಲಿ ಎಳ್ಳಷ್ಟೂ ಇಲ್ಲ.

ಅರೆ ನ್ಯಾಯಿಕದಲ್ಲಿ ಇರುವುದು ಕ್ವಾಸಿ. ನ್ಯಾಯಾಲಯವಲ್ಲದ ಅಧಿಕಾರಿಯೊಬ್ಬರು ನ್ಯಾಯಾಲಯದಂತೆ ನೋಟಿಸು ಕೊಟ್ಟು, ಎರಡೂ ಕಡೆಯವರ ಮಾತು ಕೇಳಿ, ದಾಖಲೆ ನೋಡಿ, ಕಾರಣ ಬರೆದು ಆದೇಶ ಕೊಡುತ್ತಾರೆ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 136(2)ನೇ ಪ್ರಕರಣದಡಿ ಖಾತೆ ಬದಲಾವಣೆಯ ಆದೇಶದ ಮೇಲೆ ಉಪವಿಭಾಗಾಧಿಕಾರಿಯ ಮುಂದೆ ಸಲ್ಲಿಸುವ ಮೇಲ್ಮನವಿ ಇದಕ್ಕೆ ನೇರ ಉದಾಹರಣೆ. ಮೇಲಿನ ಹಂತದಲ್ಲಿ ರದ್ದಾಗುವವರೆಗೆ ಆ ಆದೇಶಕ್ಕೆ ಪೂರ್ತಿ ಬಲವಿದೆ. ‘ಅರೆ’ ಎಂದಿದೆಯಲ್ಲ ಎಂದು ಹಗುರವಾಗಿ ತೆಗೆದುಕೊಂಡು ಮೇಲ್ಮನವಿಯ ಅವಧಿ ಕಳೆದುಕೊಳ್ಳುವುದು ದುಬಾರಿ ತಪ್ಪು.

ಅರೆ ಸರ್ಕಾರಿ ಪತ್ರ ಡೆಮಿಯ ಮಗು. ಒಬ್ಬ ಅಧಿಕಾರಿ ಇನ್ನೊಬ್ಬ ಅಧಿಕಾರಿಗೆ ಹೆಸರು ಹಿಡಿದು, ‘ನಾನು’ ಎಂದು ಬರೆಯುವ ಕಾಗದ ಅದು. ವಿಷಯ ಅವರ ಸ್ವಂತ ಗಮನಕ್ಕೆ ಬೀಳಲಿ, ಬೇಗ ಮುಗಿಯಲಿ ಎನ್ನುವುದು ಉದ್ದೇಶ. ಧಾಟಿ ಮಾತ್ರ ಖಾಸಗಿ, ಕಡತಕ್ಕೆ ಅದು ಸೇರಿಯೇ ಸೇರುತ್ತದೆ.

ಅರೆವಾಹಕದಲ್ಲಿ ಸೆಮಿ ಇದೆ, ಆದರೂ ಅರ್ಧ ಇಲ್ಲ. ತಾಮ್ರದಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಗಾಜಿನಲ್ಲಿ ಹರಿಯುವುದೇ ಇಲ್ಲ ಎನ್ನಬಹುದು. ಶುದ್ಧ ಸಿಲಿಕಾನ್ ತಾಮ್ರಕ್ಕಿಂತ ಹತ್ತು ಸಾವಿರ ಕೋಟಿ ಪಟ್ಟಿಗೂ ಹೆಚ್ಚು ತಡೆ ಒಡ್ಡುತ್ತದೆ. ಹೀಗಿದ್ದೂ ಅದರ ಬೆಲೆ ಇರುವುದು ಬೇರೆ ಕಡೆ: ಲಕ್ಷಾಂತರ ಸಿಲಿಕಾನ್ ಪರಮಾಣುಗಳ ನಡುವೆ ಒಂದೊಂದು ರಂಜಕದ ಅಥವಾ ಬೋರಾನಿನ ಪರಮಾಣು ಸೇರಿಸಿದರೆ ಸಾಕು, ಹರಿವು ಲಕ್ಷಾಂತರ ಪಟ್ಟು ಹೆಚ್ಚುತ್ತದೆ. ಎಲ್ಲಿ ಹರಿಯಬೇಕು, ಎಲ್ಲಿ ನಿಲ್ಲಬೇಕು ಎಂದು ನಾವೇ ಗೊತ್ತು ಮಾಡಬಹುದು. ನಾಲೆಗೆ ತೂಬು ಇದ್ದಂತೆ. ತೂಬು ಅರ್ಧ ನಾಲೆಯಲ್ಲ, ಬೇಕೆಂದಾಗ ಬಿಡುವ, ಬೇಡವೆಂದಾಗ ತಡೆಯುವ ಸಾಧನ. ಇಲ್ಲಿನ ಅರೆಗೆ ‘ಎರಡರ ನಡುವಿನದು’ ಎಂದೇ ಅರ್ಥ ಹೇಳಬೇಕು.

ಅರೆಯುವ ಅರೆ

ಈಗ ಕಬ್ಬಿಗೆ ಬರೋಣ. ಇದು ಕ್ರಿಯಾಪದ: ಅರೆ, ಅರೆದ, ಅರೆಯುತ್ತಾರೆ. ಪಾಲಿನ ಅರೆಗೆ ಹೀಗೆ ಕಾಲ ಹಚ್ಚಲು ಬರುವುದಿಲ್ಲ. ‘ಅರೆದ’ ಎಂದು ಕಂಡರೆ ಅದು ನಿಸ್ಸಂದೇಹವಾಗಿ ಈ ಪದ.

ನಮ್ಮ ಅಡುಗೆಮನೆಯಲ್ಲಿ ಪುಡಿ ಮಾಡುವ, ನುಣ್ಣಗೆ ಮಾಡುವ ಕೆಲಸಕ್ಕೆ ಒಂದೊಂದಕ್ಕೂ ಒಂದೊಂದು ಪದವಿದೆ. ಒನಕೆಯಲ್ಲಿ ಮೇಲಿಂದ ಹೊಡೆದರೆ ಕುಟ್ಟುವುದು. ಎರಡು ಚಪ್ಪಟೆ ಕಲ್ಲಿನ ನಡುವೆ ಒಣ ರಾಗಿ ಹಾಕಿ ತಿರುಗಿಸಿದರೆ ಬೀಸುವುದು. ಒರಳಿನ ಗುಂಡಿಯಲ್ಲಿ ನೆನೆದ ಅಕ್ಕಿ, ಉದ್ದು ಹಾಕಿ ಗುಂಡುಕಲ್ಲು ತಿರುಗಿಸಿದರೆ ರುಬ್ಬುವುದು. ಗಂಧದ ಕೊರಡನ್ನು ಕಲ್ಲಿಗೆ ಉಜ್ಜಿದರೆ ತೇಯುವುದು. ಹಾಸುಗಲ್ಲಿನ ಮೇಲೆ ಖಾರ ಇಟ್ಟು, ಉದ್ದನೆಯ ಗುಂಡನ್ನು ಎರಡೂ ಕೈಯಲ್ಲಿ ಒತ್ತಿ ಹಿಂದೆ ಮುಂದೆ ಎಳೆದರೆ ಅರೆಯುವುದು. ಒತ್ತುವುದು ಮತ್ತು ಎಳೆಯುವುದು ಒಟ್ಟಿಗೆ ಆಗಬೇಕು, ಅರೆಯ ಗುಟ್ಟು ಅದೇ. ಹಾಗಾಗಿಯೇ ಮೊದಲೇ ನೀರು ಹೆಚ್ಚು ಹಾಕಿದರೆ ಕೆಲಸ ಕೆಡುತ್ತದೆ. ಗುಂಡು ಜಾರುತ್ತದೆ, ಮೆಣಸಿನಕಾಯಿ ಬೀಜ ಇಡಿಯಾಗಿ ಉಳಿಯುತ್ತದೆ. ನೆನೆಸಿದ ಮೆಣಸಿನಕಾಯಿಗೆ ಕಲ್ಲುಪ್ಪು ಸೇರಿಸಿದರೆ ಹಿಡಿತ ಸಿಗುತ್ತದೆ. ಗಟ್ಟಿ ಸಾಮಾನು ಮೊದಲು, ತೆಂಗಿನಕಾಯಿ ಕೊನೆಗೆ, ನೀರು ಚಿಮುಕಿಸಿದಷ್ಟೇ. ಮಿಕ್ಸಿಯ ಬ್ಲೇಡು ಕತ್ತರಿಸುತ್ತದೆ, ಅರೆಯುವುದಿಲ್ಲ. ಕಲ್ಲಿನ ಖಾರದ ರುಚಿ ಬೇರೆ ಎನ್ನುವುದಕ್ಕೆ ಕಾರಣವಿದೆ.

ಕಬ್ಬಿಗೂ ಆಗುವುದು ಇದೇ. ಆಲೆಮನೆಯ ಗಾಣದಲ್ಲಿಯೂ ಕಾರ್ಖಾನೆಯಲ್ಲಿಯೂ ತಿರುಗುವ ಉರುಳೆಗಳ ನಡುವೆ ಜಲ್ಲೆ ಸಿಕ್ಕಿ ಒತ್ತಿಸಿಕೊಂಡು ಎಳೆಯಲ್ಪಡುತ್ತದೆ, ರಸ ಕೆಳಗೆ, ಸಿಪ್ಪೆ ಆಚೆಗೆ. ಬೆಳಗಾವಿ ಕಡೆ ಹೆಚ್ಚಾಗಿ ‘ಕಬ್ಬು ನುರಿಸುವುದು’ ಎನ್ನುವುದನ್ನು ಮಂಡ್ಯ ಕಡೆ ‘ಅರೆಯುವುದು’ ಎನ್ನುತ್ತಾರೆ. ‘ದಿನಕ್ಕೆ ಇಷ್ಟು ಟನ್ ಅರೆಯುವ ಸಾಮರ್ಥ್ಯ’ ಎಂದರೆ ಉರುಳೆಗಳು ಒಂದು ದಿನದಲ್ಲಿ ತಿನ್ನಬಲ್ಲ ಕಬ್ಬಿನ ತೂಕ. ಬರುವ ಸಕ್ಕರೆಯ ತೂಕವಲ್ಲ. ಸಕ್ಕರೆ ಅದರಲ್ಲಿ ಸುಮಾರು ಹತ್ತನೆಯ ಒಂದು ಪಾಲು.

ಮಾತಿನಲ್ಲೂ ಈ ಅರೆ ಬೇರು ಬಿಟ್ಟಿದೆ. ಕಾನೂನನ್ನು ‘ಅರೆದು ಕುಡಿದವರು’ ಎಂದರೆ ಔಷಧದ ಬೇರಿನಂತೆ ನುಣ್ಣಗೆ ಮಾಡಿ ಒಳಗಿಳಿಸಿಕೊಂಡವರು. ‘ತಲೆ ಮೇಲೆ ಮೆಣಸು ಅರೆಯುವುದು’ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನಂಟಿಲ್ಲದ ನೆಂಟರು

ಮೈಸೂರಿನ ಅರಮನೆಯಲ್ಲಿ ಅರೆ ಇಲ್ಲ. ಅರಸು ಮತ್ತು ಮನೆ ಸೇರಿದಾಗ ಸು ಬಿದ್ದುಹೋಗಿ ಅರಮನೆ. ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಮಜ್ಜಿಗೆ ಕೊಡುವ ಅರವಟ್ಟಿಗೆಯಲ್ಲಿ ಇರುವುದು ಅಱ, ಅಂದರೆ ಧರ್ಮ. ‘ಬಂದರೆ, ಹೋದರೆ’ ಎನ್ನುವ ಕೊನೆಯ ಅರೆ ಹಿಂದಿನ ‘ಬಂದೊಡೆ, ಬಂದಡೆ’ಗಳು ಸವೆದು ಉಳಿದ ರೂಪ. ‘ಅರೆ! ನೀನಾ?’ ಎನ್ನುವ ಉದ್ಗಾರ ಉತ್ತರದ ಭಾಷೆಗಳಲ್ಲೂ ಸಂಸ್ಕೃತದಲ್ಲೂ ಇರುವುದು. ಮಂಡ್ಯದ ಹೆಸರಿಗೇ ಅಂಟಿಕೊಂಡ ಸಕ್ಕರೆಯೂ ಹೊರಗಿನದೇ: ಸಂಸ್ಕೃತದ ಶರ್ಕರಾ ಪ್ರಾಕೃತದಲ್ಲಿ ಸಕ್ಕರಾ ಆಗಿ ನಮಗೆ ಬಂತು. ಶರ್ಕರಾ ಎಂದರೆ ಗರಸು, ಸಣ್ಣ ಕಲ್ಲು ಎಂಬ ಅರ್ಥವೂ ಇದೆ, ಹರಳುಹರಳಾಗಿ ಕಂಡದ್ದಕ್ಕೆ ಆ ಹೆಸರು.

ಬಂಡೆಯ ಅರೆ, ಊರಿನ ಹೆಸರು

ನೆಲದಿಂದ ಹೆಚ್ಚು ಮೇಲೇಳದೆ ಚಾಪೆ ಹಾಸಿದಂತೆ ಹರಡಿರುವ ಬಂಡೆಗೆ ಅರೆ, ಹಾಸರೆ ಎನ್ನುತ್ತಾರೆ. ಇದು ಹಳೆಯ ಅಱೆ. ಮಣ್ಣಿನ ಹೊದಿಕೆ ತೆಳ್ಳಗಿದ್ದು ಬಂಡೆ ಹೊರಗೆ ಕಾಣುವ ನಾಡು ನಮ್ಮದು. ಕಣಕ್ಕೆ, ಕಾಳು ಒಣಗಿಸಲಿಕ್ಕೆ, ಕೆರೆಯ ಏರಿಗೆ ಅಡಿಪಾಯ ಹಿಡಿಯಲಿಕ್ಕೆ ಅರೆ ಬೇಕೇ ಬೇಕಿತ್ತು. ಆದ್ದರಿಂದ ಊರಿನ ಹೆಸರಿನಲ್ಲಿ ಅದು ಸೇರಿಕೊಂಡರೆ ಅಚ್ಚರಿಯಿಲ್ಲ.

ತೊಡಕು ಇರುವುದೂ ಇಲ್ಲೇ. ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯಂಥ ಹೆಸರನ್ನು ಮೂರು ಬಗೆಯಲ್ಲಿ ಬಿಡಿಸಬಹುದು: ಬಂಡೆಯ ಕೆರೆ, ಧರ್ಮದ ಕೆರೆ, ಅರ್ಧದ ಕೆರೆ. ಇಂದಿನ ಕಾಗುಣಿತ ಮೂರಕ್ಕೂ ಒಂದೇ. ಬೇರ್ಪಡಿಸುವುದು ಹಳೆಯ ಬರವಣಿಗೆ ಮಾತ್ರ. ಯಾವುದೇ ಊರಿನ ಹೆಸರನ್ನು ಹೀಗೆ ಪರೀಕ್ಷಿಸಲು, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ತಂದಿರುವ ಎಪಿಗ್ರಾಫಿಯಾ ಕರ್ನಾಟಿಕದ ಪರಿಷ್ಕೃತ ಸಂಪುಟಗಳಲ್ಲಿ ಆ ತಾಲ್ಲೂಕಿನ ಶಾಸನಗಳನ್ನು ನೋಡಬೇಕು. ಊರಿನ ಹೆಸರು ಬಂದ ಕಡೆ ಱ ಇದೆಯೇ, ರ ಇದೆಯೇ, ಶಾಸನದ ಕಾಲ ಯಾವುದು ಎಂಬ ಮೂರನ್ನೂ ಒಟ್ಟಿಗೆ ಗುರುತು ಮಾಡಿಕೊಳ್ಳಬೇಕು. ಹಳೆಯ ಶಾಸನದಲ್ಲಿ ಱ ಕಂಡರೆ ಅರ್ಧದ ಅರೆಯನ್ನು ಕೈಬಿಡಬಹುದು, ಬಂಡೆಯೋ ಧರ್ಮವೋ ಎನ್ನುವುದಷ್ಟೇ ಉಳಿಯುತ್ತದೆ. ತಡವಾದ ಶಾಸನದಲ್ಲಿ ರ ಕಂಡರೆ ಅದನ್ನು ಸಾಕ್ಷಿ ಎನ್ನಲಾಗದು. ಆ ಹೊತ್ತಿಗಾಗಲೇ ಬರೆಯುವವರು ಎರಡನ್ನೂ ಬೆರೆಸಿ ಬರೆಯುತ್ತಿದ್ದರು. ಆಮೇಲೆ ಊರಿಗೇ ಹೋಗಿ ಕೆರೆಯ ಏರಿ ಎಲ್ಲಿ ನಿಂತಿದೆ, ಕೋಡಿಯ ಬಳಿ ಹಾಸುಬಂಡೆ ಇದೆಯೇ ಎಂದು ನೋಡಬಹುದು.